ಹಾಟ್ ಸೀಟಿಗೆ ಹೋಗುವ ಮೊದಲು ಮನೆಯಲ್ಲೇ ಮಾಡಿಕೊಳ್ಳಬೇಕಾದ ಲೆಕ್ಕ

ಕೋಟ್ಯಧಿಪತಿಯಂಥ ಆಟದಲ್ಲಿ ಬೇರೆ ಯಾವ ಪರೀಕ್ಷೆಯಲ್ಲೂ ಇಲ್ಲದ ಸೌಲಭ್ಯವೊಂದಿದೆ. ಪ್ರಶ್ನೆಯನ್ನು ಪೂರ್ತಿ ಓದಿ, ನಾಲ್ಕು ಆಯ್ಕೆಗಳನ್ನೂ ನೋಡಿದ ಮೇಲೆ, ‘ನನಗೆ ಇದು ಬೇಡ, ಇಲ್ಲಿಯವರೆಗೆ ಗೆದ್ದ ಹಣ ಸಾಕು’ ಎಂದು ಎದ್ದು ಬರಬಹುದು. ಹಾಗಿದ್ದೂ ಜನ ಹನ್ನೆರಡೂವರೆ ಲಕ್ಷದಿಂದ, ಇಪ್ಪತ್ತೈದು ಲಕ್ಷದಿಂದ ಜಾರಿ ಮೂರು ಲಕ್ಷದ ಇಪ್ಪತ್ತು ಸಾವಿರಕ್ಕೆ ಬಂದು ಬೀಳುತ್ತಾರೆ. ಉತ್ತರ ಗೊತ್ತಿಲ್ಲ ಎಂದು ತಿಳಿದವರು ಆಟ ಬಿಟ್ಟು ಹೊರಡುತ್ತಾರೆ. ಗೊತ್ತಿದೆ ಎಂದು ನಂಬಿಕೊಂಡವರು ಬೀಳುತ್ತಾರೆ. ಹೀಗಾಗಿ ತಯಾರಿ ಎಂದರೆ ಸಾಮಾನ್ಯ ಜ್ಞಾನದ ಪುಸ್ತಕ ಉರು ಹೊಡೆಯುವುದು ಎಂದುಕೊಂಡವರಿಗೆ ನಾನು ಮೊದಲು ಹೇಳುವುದು: ಪುಸ್ತಕವನ್ನು ಸ್ವಲ್ಪ ಹೊತ್ತು ಮುಚ್ಚಿಡಿ, ನಿಮ್ಮ ನಂಬಿಕೆಯನ್ನು ಅಳೆಯುವುದನ್ನು ಕಲಿಯಿರಿ.

ನಾನು ಅರಸೀಕೆರೆಯಲ್ಲಿ ಪ್ರೌಢಶಾಲೆಯ ಗಣಿತ ಶಿಕ್ಷಕಿಯಾಗಿದ್ದು ನಿವೃತ್ತಳಾದವಳು. ಭಾನುವಾರ ಮಧ್ಯಾಹ್ನ ನಮ್ಮ ಮನೆಯ ಜಗಲಿಯಲ್ಲಿ ಕ್ವಿಜ್ ಅಭ್ಯಾಸ ನಡೆಯುತ್ತದೆ. ಹಳೆಯ ವಿದ್ಯಾರ್ಥಿಗಳು, ರೈಲ್ವೆಯಲ್ಲಿ ಕೆಲಸ ಮಾಡುವವರು, ಅಂಚೆ ಕಚೇರಿಯ ಹುಡುಗಿಯೊಬ್ಬಳು, ಸರ್ಕಾರಿ ಕೆಲಸದ ಪರೀಕ್ಷೆಗೆ ಓದುತ್ತಿರುವವರು ಬರುತ್ತಾರೆ. ಅವರಿಗೆ ಹೇಳಿಕೊಡುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಆಟದ ಚರಿತ್ರೆ ಎಲ್ಲರಿಗೂ ಗೊತ್ತಿರುವುದೇ. 1998ರಲ್ಲಿ ಇಂಗ್ಲೆಂಡಿನಲ್ಲಿ ಶುರುವಾಯಿತು; 2000ದ ಜುಲೈನಲ್ಲಿ ಅಮಿತಾಭ್ ಬಚ್ಚನ್ ಅವರೊಂದಿಗೆ ‘ಕೌನ್ ಬನೇಗಾ ಕರೋಡ್‌ಪತಿ’ (ಕೆಬಿಸಿ) ಆಗಿ ಹಿಂದಿಗೆ ಬಂತು; ಕನ್ನಡದಲ್ಲಿ 2012ರಲ್ಲಿ ಪುನೀತ್ ರಾಜ್‌ಕುಮಾರ್ ಆರಂಭಿಸಿದರು, 2018ರಲ್ಲಿ ರಮೇಶ್ ಅರವಿಂದ್ ನಡೆಸಿದರು, 2019ರಲ್ಲಿ ಪುನೀತ್ ಮತ್ತೆ ಬಂದರು. ಬಹುಮಾನದ ಏಣಿ ಆವೃತ್ತಿಯಿಂದ ಆವೃತ್ತಿಗೆ ಬದಲಾಗುತ್ತದೆ. ಅಭ್ಯಾಸಕ್ಕೆ ನಾನು ಇಟ್ಟುಕೊಂಡಿರುವುದು 2019ರ ಸುಮಾರಿನಲ್ಲಿದ್ದ ಹಿಂದಿ ಏಣಿ: ಒಂದು ಸಾವಿರದಿಂದ ಶುರುವಾಗಿ ಐದನೆಯ ಪ್ರಶ್ನೆಗೆ 10,000, ಹತ್ತನೆಯದಕ್ಕೆ 3,20,000, ಆಮೇಲೆ 6,40,000, 12,50,000, 25,00,000, 50,00,000, ಒಂದು ಕೋಟಿ, ಕೊನೆಗೆ ಏಳು ಕೋಟಿ. ಹತ್ತು ಸಾವಿರ ಮತ್ತು ಮೂರು ಲಕ್ಷದ ಇಪ್ಪತ್ತು ಸಾವಿರ, ಇವೆರಡೂ ಸುರಕ್ಷಿತ ಘಟ್ಟಗಳು. ಅವನ್ನು ದಾಟಿದ ಮೇಲೆ ತಪ್ಪಿದರೂ ಅದಕ್ಕಿಂತ ಕೆಳಗೆ ಬೀಳುವುದಿಲ್ಲ. ನೀವು ಹೋಗುವ ಕಾರ್ಯಕ್ರಮದ ಏಣಿ ಬೇರೆಯಿದ್ದರೆ ಅದರ ಸಂಖ್ಯೆಗಳನ್ನು ಹಾಕಿಕೊಳ್ಳಿ, ಲೆಕ್ಕದ ದಾರಿ ಒಂದೇ.

ಮೊದಲು ಒಂದು ನೋಟ್‌ಬುಕ್

ನಾಲ್ಕು ಕಾಲಂ ಎಳೆಯಿರಿ. ಪ್ರಶ್ನೆ, ನಿಮ್ಮ ಉತ್ತರ, ಎಷ್ಟು ಖಾತರಿ, ಸರಿಯೋ ತಪ್ಪೋ. ಮೂರನೆಯ ಕಾಲಂನಲ್ಲಿ 25, 50, 75, 90, 100 ಇವುಗಳಲ್ಲಿ ಒಂದನ್ನು ಬರೆಯಬೇಕು. 25 ಎಂದರೆ ಏನೂ ಗೊತ್ತಿಲ್ಲ, ನಾಲ್ಕರಲ್ಲಿ ಒಂದು. 50 ಎಂದರೆ ಎರಡರ ನಡುವೆ ತೂಗುತ್ತಿದ್ದೇನೆ. 100 ಎಂದರೆ ಮನೆಯ ಪತ್ರ ಅಡ ಇಟ್ಟು ಹೇಳಬಲ್ಲೆ. ಉತ್ತರ ನೋಡುವ ಮೊದಲೇ ಈ ಅಂಕಿಯನ್ನು ಪೆನ್ನಿನಲ್ಲಿ ಬರೆಯಬೇಕು, ಪೆನ್ಸಿಲ್ಲಿನಲ್ಲಿ ಅಲ್ಲ. ಆಮೇಲೆ ತಿದ್ದುವ ಆಸೆ ಎಲ್ಲರಿಗೂ ಬರುತ್ತದೆ.

ಕೆಲವು ನೂರು ಪ್ರಶ್ನೆಗಳಾದ ಮೇಲೆ 90 ಎಂದು ಬರೆದವುಗಳನ್ನೆಲ್ಲ ಒಂದೆಡೆ ಸೇರಿಸಿ. ಅವುಗಳಲ್ಲಿ ನೂರಕ್ಕೆ ತೊಂಬತ್ತು ಸರಿಯಿವೆಯೇ? ಹೆಚ್ಚಿನವರಿಗೆ ಇರುವುದಿಲ್ಲ, ಸಾಕಷ್ಟು ಕೆಳಗಿರುತ್ತದೆ. ನಿಮ್ಮ 90 ನಿಜದಲ್ಲಿ 70 ಎಂದು ತಿಳಿದುಬಂದರೆ ಬೇಸರ ಬೇಡ. ಅದು ಒಂದು ಪುಸ್ತಕದ ತುಂಬ ಇರುವ ಸಾಮಾನ್ಯ ಜ್ಞಾನಕ್ಕಿಂತ ಬೆಲೆಯುಳ್ಳ ಮಾಹಿತಿ. ಹಾಟ್ ಸೀಟಿನಲ್ಲಿ ‘ತೊಂಬತ್ತು ಖಾತರಿ’ ಎಂದು ಮನಸ್ಸು ಹೇಳಿದಾಗ ನೀವು ಎಪ್ಪತ್ತು ಎಂದು ಕೇಳಿಸಿಕೊಳ್ಳಬಹುದು.

ವಿಷಯವಾರು ಬೇರೆ ಬೇರೆ ಪುಟ ಇಡುವುದು ಇನ್ನೂ ಒಳ್ಳೆಯದು. ಅಂಚೆ ಕಚೇರಿಯ ಹುಡುಗಿಯ ಪುಟಗಳನ್ನು ನೋಡಿದರೆ ವಿಜ್ಞಾನದಲ್ಲಿ ಅವಳು 50 ಎಂದು ಬರೆದದ್ದು ಬಹುಪಾಲು ಸರಿಯಾಗಿರುತ್ತದೆ, ಪುರಾಣದಲ್ಲಿ 100 ಎಂದು ಬರೆದದ್ದು ಆಗಾಗ ತಪ್ಪಿರುತ್ತದೆ. ಚಿಕ್ಕಂದಿನಿಂದ ಕೇಳಿದ ಕಥೆ ಎಂಬ ಧೈರ್ಯ ಒಂದು ಕಡೆ, ಕಾಲೇಜಿನಲ್ಲಿ ಕಲಾ ವಿಭಾಗ ಓದಿದೆ ಎಂಬ ಅಳುಕು ಇನ್ನೊಂದು ಕಡೆ. ಎರಡೂ ಅವಳ ಅಂಕಿಗಳನ್ನು ಎಳೆಯುತ್ತಿದ್ದವು.

ನೂರರ ಅಪಾಯ ಹೇಗಿರುತ್ತದೆ ಎಂಬುದಕ್ಕೆ ನಾನು ಹೊಸಬರಿಗೆಲ್ಲ ಕೇಳುವ ಪ್ರಶ್ನೆ ಒಂದಿದೆ. ಭಾರತದ ಮೊದಲ ಜಲವಿದ್ಯುತ್ ಕೇಂದ್ರ ಎಲ್ಲಿ ಶುರುವಾಯಿತು? ಶಿವನಸಮುದ್ರ, ಡಾರ್ಜಿಲಿಂಗ್, ಖೋಪೋಲಿ, ಜೋಗ. ಪ್ರಶ್ನೆ ಓದಿ ಮುಗಿಸುವ ಮೊದಲೇ ಪೆನ್ನುಗಳು ಓಡುತ್ತವೆ.

‘ಶಿವನಸಮುದ್ರ ಮೇಡಂ, ಇದರಲ್ಲಿ ಯೋಚಿಸುವುದೇನಿದೆ?’

‘ಎಷ್ಟು ಬರೆದೆ?’

‘ನೂರು.’

‘ಯಾವ ವರ್ಷ ಎಂದು ಗೊತ್ತೇನಪ್ಪ?’

‘1902. ಕೋಲಾರದ ಚಿನ್ನದ ಗಣಿಗೆ ಅಲ್ಲಿಂದಲೇ ವಿದ್ಯುತ್ ಹೋಯಿತು.’

‘ಡಾರ್ಜಿಲಿಂಗಿನದು ಯಾವ ವರ್ಷ?’

ಮಾತಿಲ್ಲ. ಡಾರ್ಜಿಲಿಂಗ್ ಬಳಿಯ ಸಿದ್ರಾಪೊಂಗ್ ಕೇಂದ್ರ 1897ರಲ್ಲೇ ಶುರುವಾಗಿತ್ತು. ಆ ಹುಡುಗನಿಗೆ ಶಿವನಸಮುದ್ರದ ಬಗ್ಗೆ ತಿಳಿದದ್ದೆಲ್ಲ ಸರಿಯೇ. ಆದರೆ ಉಳಿದ ಮೂರು ಆಯ್ಕೆಗಳ ಬಗ್ಗೆ ಅವನಿಗೆ ಏನೂ ತಿಳಿದಿರಲಿಲ್ಲ, ಅದನ್ನು ಗಮನಿಸದೆ ನೂರು ಬರೆದಿದ್ದ. ‘ಮೊದಲ’, ‘ಅತಿ ದೊಡ್ಡ’, ‘ಏಕೈಕ’ ಎಂಬ ಪದ ಪ್ರಶ್ನೆಯಲ್ಲಿದ್ದರೆ ಒಂದು ಆಯ್ಕೆ ಗೊತ್ತಿದ್ದರೆ ಸಾಲದು, ಉಳಿದವು ಏಕೆ ಅಲ್ಲ ಎಂಬುದೂ ಗೊತ್ತಿರಬೇಕು. ನಮ್ಮೂರಿನ, ನಮ್ಮ ನಾಡಿನ ಹೆಮ್ಮೆಗೆ ಸಂಬಂಧಿಸಿದ ಪ್ರಶ್ನೆ ಬಂದಾಗ ಖಾತರಿಯಿಂದ ಹದಿನೈದು ಅಂಕ ಕಳೆಯಿರಿ ಎಂದು ನಾನು ಹೇಳುವುದು ಇದಕ್ಕೇ. ಶಾಲೆಯಲ್ಲಿ ಹೆಮ್ಮೆಯಿಂದ ಕಲಿತದ್ದನ್ನು ನಾವು ಯಾರೂ ಮತ್ತೆ ಪರೀಕ್ಷಿಸುವುದಿಲ್ಲ.

ಕುರ್ಚಿಯವರೆಗಿನ ದಾರಿ

ನೋಂದಣಿ, ಫೋನ್ ಕರೆ, ಆಡಿಷನ್ ಇವುಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಆಡಿಷನ್‌ನಲ್ಲಿ ನಿಮ್ಮ ಬಗ್ಗೆ ಹೇಳಿ ಎಂದರೆ ಬಯೋಡೇಟಾ ಓದಬೇಡಿ, ನೀವು ಮಾಡುವ ಕೆಲಸದ ಒಂದು ದಿನವನ್ನು ಹೇಳಿ. ಒಂದು ಎಚ್ಚರಿಕೆ ಮಾತ್ರ ಒತ್ತಿ ಹೇಳಬೇಕು. ‘ನಿಮಗೆ ಕೆಬಿಸಿಯಿಂದ 25 ಲಕ್ಷ ಬಂದಿದೆ, ತೆರಿಗೆ ಮುಂಗಡವಾಗಿ ಕಟ್ಟಿ’ ಎಂದು ವಾಟ್ಸ್‌ಆ್ಯಪ್‌ನಲ್ಲಿ ಬರುವ ಸಂದೇಶಗಳೆಲ್ಲ ವಂಚನೆ. ಆಡದೆ ಯಾರಿಗೂ ಹಣ ಬರುವುದಿಲ್ಲ, ಗೆದ್ದವರಿಂದ ಮೊದಲೇ ಹಣ ಕೇಳುವವರು ಕಾರ್ಯಕ್ರಮದವರಲ್ಲ. ನಮ್ಮ ಬೀದಿಯಲ್ಲೇ ಇದನ್ನು ನಂಬಿ ಹಣ ಕಳೆದುಕೊಂಡವರಿದ್ದಾರೆ.

ಹಾಟ್ ಸೀಟಿಗೆ ಯಾರು ಹೋಗಬೇಕೆಂದು ತೀರ್ಮಾನಿಸುವ ಫಾಸ್ಟೆಸ್ಟ್ ಫಿಂಗರ್ ಸುತ್ತಿನಲ್ಲಿ ನಾಲ್ಕು ಸಂಗತಿಗಳನ್ನು ಕ್ರಮವಾಗಿ ಜೋಡಿಸಬೇಕು. ಸಾಧ್ಯವಿರುವ ಕ್ರಮಗಳು 24, ಸರಿಯಾದದ್ದು ಒಂದೇ. ಇಲ್ಲಿ ಸೋಲುವವರು ನಿಧಾನದಿಂದ ಸೋಲುವುದಕ್ಕಿಂತ ‘ಯಾವ ಕ್ರಮ’ ಎಂಬುದನ್ನು ಸರಿಯಾಗಿ ಓದದೆ ಸೋಲುವುದು ಹೆಚ್ಚು. ಒಂದು ಉದಾಹರಣೆ ನೋಡಿ. ಕುವೆಂಪು, ಬೇಂದ್ರೆ, ಕಾರಂತ, ಮಾಸ್ತಿ: ಜ್ಞಾನಪೀಠ ಪಡೆದ ಕ್ರಮದಲ್ಲಿ ಜೋಡಿಸಿ ಎಂದರೆ ಕುವೆಂಪು 1967, ಬೇಂದ್ರೆ 1973, ಕಾರಂತ 1977, ಮಾಸ್ತಿ 1983. ಹುಟ್ಟಿದ ಕ್ರಮದಲ್ಲಿ ಎಂದರೆ ಮಾಸ್ತಿ 1891, ಬೇಂದ್ರೆ 1896, ಕಾರಂತ 1902, ಕುವೆಂಪು 1904. ಮೊದಲನೆಯವರು ಮತ್ತು ಕೊನೆಯವರು ಅದಲು ಬದಲಾಗಿದ್ದಾರೆ, ನಡುವಿನ ಇಬ್ಬರು ಅಲ್ಲೇ ಇದ್ದಾರೆ. ಇದನ್ನು ಬರೆದುಕೊಂಡಾಗ ನನಗೇ ಖುಷಿಯಾಯಿತು. ಪ್ರಶ್ನೆಯ ಒಂದು ಪದ ಕಣ್ತಪ್ಪಿದರೆ ಎಲ್ಲ ಗೊತ್ತಿದ್ದೂ ತಪ್ಪು ಗುಂಡಿ ಒತ್ತುತ್ತೀರಿ.

ಅಭ್ಯಾಸಕ್ಕೆ ಚೀಟಿಗಳನ್ನು ಮಾಡಿಕೊಳ್ಳಿ. ಊರುಗಳನ್ನು ಉತ್ತರದಿಂದ ದಕ್ಷಿಣಕ್ಕೆ, ಪ್ರಧಾನಿಗಳನ್ನು ಅಧಿಕಾರಕ್ಕೆ ಬಂದ ಕ್ರಮದಲ್ಲಿ, ಗ್ರಹಗಳನ್ನು ಗಾತ್ರದಲ್ಲಿ, ವಚನದ ಸಾಲನ್ನು ತುಂಡು ಮಾಡಿ ಪದಗಳ ಕ್ರಮದಲ್ಲಿ. ಮನೆಯಲ್ಲಿ ಯಾರಾದರೂ ಪ್ರಶ್ನೆ ಓದಲಿ, ನೀವು ಅ, ಆ, ಇ, ಈ ಎಂದು ಬೆರಳಿನಲ್ಲಿ ಮೇಜಿನ ಮೇಲೆ ಒತ್ತಿ. ಬೀದರ್, ಕಲಬುರಗಿ, ದಾವಣಗೆರೆ, ಮೈಸೂರು ಎಂಬಷ್ಟು ಸುಲಭದ್ದನ್ನೂ ಗಡಿಯಾರದ ಎದುರು ತಪ್ಪು ಮಾಡುವುದನ್ನು ನೋಡಿದ್ದೇನೆ.

ಮೊದಲ ಹತ್ತು ಪ್ರಶ್ನೆಗಳಿಗೆ ಗಡಿಯಾರ ಇರುತ್ತದೆ. ಮೊದಲ ಐದರಲ್ಲಿ ಗಾದೆ, ಅಡುಗೆ, ಹಾಡು, ಆಟ ಬರುತ್ತವೆ. ಸಂವಿಧಾನದ ವಿಧಿಗಳನ್ನು ಉರು ಹೊಡೆದವರು ಗಾದೆಯ ಅರ್ಧ ಪೂರ್ತಿ ಮಾಡಲಾಗದೆ ಮೊದಲ ಲೈಫ್‌ಲೈನ್ (ಐವತ್ತು-ಐವತ್ತು, ಪ್ರೇಕ್ಷಕರ ಅಭಿಪ್ರಾಯ, ಗೆಳೆಯನಿಗೆ ಫೋನ್ ಎಂಬ ಸಹಾಯಗಳಲ್ಲಿ ಒಂದು) ಕಳೆದುಕೊಳ್ಳುತ್ತಾರೆ. ‘ಕುಂಬಾರನಿಗೆ ವರುಷ’ ಎಂದರೆ ‘ದೊಣ್ಣೆಗೆ ನಿಮಿಷ’ ಎಂಬುದು ಅಜ್ಜಿಯ ಜೊತೆ ಬೆಳೆದ ಮಗುವಿಗೆ ಗೊತ್ತು. ಹೀಗಾಗಿ ಓದಿಗೆ ನಾನು ಹೇಳುವುದು ಮೂರೇ: ಐದರಿಂದ ಹತ್ತನೆಯ ತರಗತಿಯವರೆಗಿನ ಸಮಾಜ ಮತ್ತು ವಿಜ್ಞಾನದ ಪಠ್ಯಪುಸ್ತಕಗಳು, ಒಂದು ಕನ್ನಡ ದಿನಪತ್ರಿಕೆಯ ಎಲ್ಲ ಪುಟಗಳು, ಕ್ರೀಡೆ ಸಿನಿಮಾ ಪುಟಗಳನ್ನೂ ಸೇರಿಸಿ, ಮತ್ತು ಮನೆಯ ಹಿರಿಯರೊಂದಿಗೆ ಮಾತು. ಜೊತೆಗೆ ದೂರದರ್ಶನ ಚಂದನದಲ್ಲಿ ಡಾ. ನಾ. ಸೋಮೇಶ್ವರ ಅವರ ‘ಥಟ್ ಅಂತ ಹೇಳಿ’. 2002ರಲ್ಲಿ ಶುರುವಾದ ಆ ಕಾರ್ಯಕ್ರಮದಲ್ಲಿ ಗೆದ್ದವರಿಗೆ ಸಿಗುವುದು ಕನ್ನಡ ಪುಸ್ತಕ. ಹಣದ ಭಯವಿಲ್ಲದೆ ತಲೆ ಹೇಗೆ ಓಡುತ್ತದೆ ಎಂದು ನೋಡಲು ಅದಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ. ನೋಟ್‌ಬುಕ್ ತೊಡೆಯ ಮೇಲೆ ಇಟ್ಟುಕೊಂಡು ನೋಡಿ.

ಲೈಫ್‌ಲೈನ್‌ಗಳನ್ನು ಹೇಗೆ ಖರ್ಚು ಮಾಡಬೇಕು

ಇಲ್ಲಿ ಗಣಿತ ನಿಜಕ್ಕೂ ಕೈ ಹಿಡಿಯುತ್ತದೆ, ಸ್ವಲ್ಪ ತಾಳ್ಮೆಯಿಂದ ಓದಿ.

ಐವತ್ತು-ಐವತ್ತು ಎಂಬ ಲೈಫ್‌ಲೈನ್ ಏನೂ ಗೊತ್ತಿಲ್ಲದಾಗ ಬಳಸುವುದಕ್ಕೆ ಎಂದು ಎಲ್ಲರೂ ಭಾವಿಸುತ್ತಾರೆ. ಏನೂ ಗೊತ್ತಿಲ್ಲದಿದ್ದರೆ ನಿಮ್ಮ ಖಾತರಿ 25. ಎರಡು ತಪ್ಪು ಆಯ್ಕೆಗಳು ಹೋದ ಮೇಲೆ 50. ಈಗ ಇನ್ನೊಂದು ಸನ್ನಿವೇಶ. ಎರಡು ಆಯ್ಕೆಗಳನ್ನು ನೀವೇ ಹೊಡೆದುಹಾಕಿದ್ದೀರಿ, ಬಿ ಮತ್ತು ಸಿ ನಡುವೆ ತೂಗುತ್ತಿದ್ದೀರಿ. ಸರಿಯುತ್ತರ ಬಿ ಎಂದುಕೊಳ್ಳೋಣ. ಕಂಪ್ಯೂಟರ್ ಎ, ಸಿ, ಡಿ ಎಂಬ ಮೂರು ತಪ್ಪುಗಳಲ್ಲಿ ಒಂದನ್ನು ಉಳಿಸುತ್ತದೆ. ಅದು ಮೂರನ್ನೂ ಸಮನಾಗಿ ಕಂಡರೆ ಸಿ ಉಳಿಯುವ ಸಾಧ್ಯತೆ ಮೂರರಲ್ಲಿ ಒಂದು. ಉಳಿದ ಎರಡು ಪಾಲು ಸಂದರ್ಭಗಳಲ್ಲಿ ಸಿ ಮಾಯವಾಗಿ ನಿಮಗೆ ಉತ್ತರ ಪೂರ್ತಿ ಸಿಕ್ಕಿಬಿಡುತ್ತದೆ. ಒಟ್ಟು ಲೆಕ್ಕ ಹಾಕಿದರೆ ಖಾತರಿ 50ರಿಂದ ಸುಮಾರು 83ಕ್ಕೆ ಏರುತ್ತದೆ. ಅಂದರೆ ಎರಡು ಆಯ್ಕೆಗಳ ನಡುವಿನ ಗೊಂದಲದಲ್ಲೇ ಈ ಲೈಫ್‌ಲೈನ್ ಹೆಚ್ಚು ಕೊಡುತ್ತದೆ. ಗೊಂದಲ ಹುಟ್ಟಿಸುವ ಆಯ್ಕೆಯನ್ನೇ ಬೇಕೆಂದು ಉಳಿಸುವ ಏರ್ಪಾಡಿದ್ದರೆ ಮಾತ್ರ ಈ ಲೆಕ್ಕ ಬೀಳುತ್ತದೆ. ಹೊರಡುವ ಮೊದಲು ಆ ಆವೃತ್ತಿಯ ಹಳೆಯ ಸಂಚಿಕೆಗಳನ್ನು ನೋಡಿ, ಐವತ್ತು-ಐವತ್ತರ ನಂತರ ಯಾವ ಯಾವ ಆಯ್ಕೆಗಳು ಉಳಿದವು ಎಂದು ಬರೆದುಕೊಳ್ಳಿ. ನಿಮಗೇ ಒಂದು ಅಂದಾಜು ಸಿಗುತ್ತದೆ.

ಪ್ರೇಕ್ಷಕರ ಅಭಿಪ್ರಾಯ. ಅಮೆರಿಕದ ಆವೃತ್ತಿಯಲ್ಲಿ ಪ್ರೇಕ್ಷಕರು 91 ಪ್ರತಿಶತ ಸಲ ಸರಿ ಹೇಳಿದರು, ಫೋನಿನ ಗೆಳೆಯರು ಸುಮಾರು 65 ಪ್ರತಿಶತ ಎಂಬ ಅಂಕಿ ಬಹಳ ಪ್ರಸಿದ್ಧ. ಅದನ್ನು ಹಾಗೆಯೇ ನಂಬಬೇಡಿ. ಪ್ರೇಕ್ಷಕರನ್ನು ಸುಲಭದ ಪ್ರಶ್ನೆಗಳಿಗೆ ಕೇಳುತ್ತಾರೆ, ಗೆಳೆಯರನ್ನು ಕಷ್ಟದವುಗಳಿಗೆ. ಆದರೂ ಗುಂಪಿನ ಬಲ ನಿಜ. ನೂರು ಜನರಲ್ಲಿ ನಲವತ್ತು ಮಂದಿಗೆ ಉತ್ತರ ಗೊತ್ತಿದ್ದು, ಅರವತ್ತು ಮಂದಿ ಸುಮ್ಮನೆ ಒತ್ತಿದರೂ, ಆ ಅರವತ್ತು ನಾಲ್ಕು ಕಡೆ ಹಂಚಿಹೋಗಿ ಸರಿಯುತ್ತರಕ್ಕೆ 55, ಉಳಿದವಕ್ಕೆ 15ರಂತೆ ಬರುತ್ತದೆ. ಹತ್ತೇ ಮಂದಿಗೆ ಗೊತ್ತಿದ್ದರೂ 32, 23, 23, 22 ಹೀಗೆ ಒಂದು ತಲೆ ಎತ್ತಿ ನಿಲ್ಲುತ್ತದೆ. ಹೀಗಾಗಿ ಒಂದು ಕಂಬ ಸ್ವಲ್ಪವೇ ಎತ್ತರವಿದ್ದು ಉಳಿದ ಮೂರು ಸಮನಾಗಿದ್ದರೆ ಆ ಸ್ವಲ್ಪಕ್ಕೂ ಬೆಲೆಯಿದೆ. ಎರಡು ಕಂಬಗಳು ಎತ್ತರಕ್ಕೆ ಬೆಳೆದು ಉಳಿದೆರಡು ನೆಲ ಹಿಡಿದಿದ್ದರೆ ಎಚ್ಚರ, ಅಲ್ಲಿ ಯಾವುದೋ ಒಂದು ಆಯ್ಕೆ ಜನರನ್ನು ಒಟ್ಟಿಗೆ ದಾರಿ ತಪ್ಪಿಸುತ್ತಿದೆ. ಫ್ರಾನ್ಸಿನ ಆವೃತ್ತಿಯಲ್ಲಿ ಭೂಮಿಯ ಸುತ್ತ ಸುತ್ತುವುದು ಯಾವುದು ಎಂದು ಕೇಳಿದಾಗ ಪ್ರೇಕ್ಷಕರಲ್ಲಿ 56 ಪ್ರತಿಶತ ಸೂರ್ಯ ಎಂದರು, 42 ಪ್ರತಿಶತ ಚಂದ್ರ ಎಂದರು. ಸ್ಪರ್ಧಿ ಬಹುಮತವನ್ನು ಹಿಂಬಾಲಿಸಿ ಸೋತರು. ನಮ್ಮ ಶಿವನಸಮುದ್ರದ ಪ್ರಶ್ನೆಯನ್ನು ಕನ್ನಡ ಪ್ರೇಕ್ಷಕರಿಗೆ ಕೇಳಿದರೂ ಕಂಬಗಳು ಹಾಗೆಯೇ ನಿಲ್ಲಬಹುದು ಎಂದು ನನ್ನ ಭಾವನೆ. ಸಿನಿಮಾ, ಕ್ರಿಕೆಟ್, ಅಡುಗೆಮನೆ, ಹಬ್ಬ ಇವುಗಳಿಗೆ ಪ್ರೇಕ್ಷಕರನ್ನು ಕೇಳಿ. ‘ಮೊದಲ’ ಎಂಬ ಪದವಿರುವ ಪ್ರಶ್ನೆಗೆ ಕೇಳಬೇಡಿ.

ಫೋನ್ ಗೆಳೆಯನಿಗೆ ಸಿಗುವುದು ಮೂವತ್ತು ಸೆಕೆಂಡು. ಅದರಲ್ಲಿ ನಮಸ್ಕಾರ, ಕ್ಷೇಮಸಮಾಚಾರ, ಪ್ರಶ್ನೆಯ ಉದ್ದ ವಾಕ್ಯ ಎಲ್ಲ ಸೇರಿದರೆ ಗೆಳೆಯನಿಗೆ ಯೋಚಿಸಲು ಉಳಿಯುವುದು ಒಂದು ಉಸಿರಿನಷ್ಟು. ಜಗಲಿಯಲ್ಲಿ ನಾವು ಸ್ಟಾಪ್‌ವಾಚ್ ಇಟ್ಟು ಪ್ರಶ್ನೆಯನ್ನು ಮೊಟಕುಗೊಳಿಸುವ ಅಭ್ಯಾಸ ಮಾಡುತ್ತೇವೆ. ‘1868ರ ಅಕ್ಟೋಬರ್ 16ರಂದು ನಿಕೋಬಾರ್ ದ್ವೀಪಗಳ ಹಕ್ಕನ್ನು ಬ್ರಿಟಿಷರಿಗೆ ಮಾರಿ ಭಾರತದೊಂದಿಗಿನ ಸಂಬಂಧವನ್ನು ಕೊನೆಗೊಳಿಸಿದ ವಸಾಹತುಶಾಹಿ ಶಕ್ತಿ ಯಾವುದು’ ಎಂಬುದನ್ನು ‘1868, ನಿಕೋಬಾರ್ ಮಾರಿದ ದೇಶ? ಬೆಲ್ಜಿಯಂ, ಇಟಲಿ, ಡೆನ್ಮಾರ್ಕ್, ಫ್ರಾನ್ಸ್’ ಎಂದರೆ ಸಾಕು. ಆರೇಳು ಸೆಕೆಂಡಿನಲ್ಲಿ ಮುಗಿಯುತ್ತದೆ. ಗೆಳೆಯರಿಗೂ ತರಬೇತಿ ಬೇಕು: ಉತ್ತರದ ಜೊತೆ ನೂರಕ್ಕೆ ಎಷ್ಟು ಖಾತರಿ ಎಂಬುದನ್ನು ಅವರು ಹೇಳಲೇಬೇಕು, ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನಬೇಕು. ಸ್ನೇಹದ ದಾಕ್ಷಿಣ್ಯಕ್ಕೆ ಏನೋ ಒಂದು ಹೇಳುವ ಆತ್ಮೀಯನಿಗಿಂತ, ನೋಟ್‌ಬುಕ್ ಇಟ್ಟ ಪರಿಚಯದವರು ಮೇಲು. ಹತ್ತಿರದ ಭಾವನ ಹೆಸರು ಕೊಡದಿದ್ದರೆ ಮನೆಯಲ್ಲಿ ಮುನಿಸಾಗುತ್ತದೆ ಎಂಬ ಕಾರಣಕ್ಕೆ ಪಟ್ಟಿ ಮಾಡುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ, ಭಾವನನ್ನು ಜೊತೆಗಾರನಾಗಿ ಸ್ಟುಡಿಯೋಗೆ ಕರೆದುಕೊಂಡು ಹೋಗಿ.

ಅಮೆರಿಕದ ಆವೃತ್ತಿಯ ಮೊದಲ ಮಿಲಿಯನ್ ವಿಜೇತ ಜಾನ್ ಕಾರ್ಪೆಂಟರ್ 1999ರ ನವೆಂಬರಿನಲ್ಲಿ ಕೊನೆಯ ಪ್ರಶ್ನೆಯವರೆಗೆ ಒಂದೂ ಲೈಫ್‌ಲೈನ್ ಬಳಸಿರಲಿಲ್ಲ. ಕೊನೆಗೆ ತಂದೆಗೆ ಫೋನ್ ಮಾಡಿ, ಸಹಾಯ ಬೇಡ, ಗೆಲ್ಲುತ್ತಿದ್ದೇನೆ ಎಂದು ತಿಳಿಸಿ ಉತ್ತರ ಕೊಟ್ಟರು. ನೋಡಲು ಸೊಗಸು. ಅನುಕರಿಸಲು ಅಲ್ಲ. ಎಂಟನೆಯ ಪ್ರಶ್ನೆಯಲ್ಲಿ 60 ಖಾತರಿಯಿದ್ದರೂ ಲೈಫ್‌ಲೈನ್ ಉಳಿಸಿಕೊಳ್ಳುತ್ತೇನೆಂದು ಬೀಳುವವರು ಹತ್ತು ಸಾವಿರದೊಂದಿಗೆ, ಮೂರೂ ಲೈಫ್‌ಲೈನ್ ಹಾಗೇ ಉಳಿಸಿಕೊಂಡು ಮನೆಗೆ ಬರುತ್ತಾರೆ.

ನಿಕೋಬಾರ್ ಪ್ರಶ್ನೆಯನ್ನು ಬಿಡಿಸುವುದು

ಮೇಲೆ ಹೇಳಿದ ಪ್ರಶ್ನೆ 2011ರಲ್ಲಿ ಬಿಹಾರದ ಮೋತಿಹಾರಿಯ ಸುಶೀಲ್ ಕುಮಾರ್ ಅವರಿಗೆ ಐದು ಕೋಟಿ ರೂಪಾಯಿ ತಂದುಕೊಟ್ಟದ್ದು. ಉತ್ತರ ಡೆನ್ಮಾರ್ಕ್. ಅದನ್ನು ಓದಿರದವರೂ ಹತ್ತನೆಯ ತರಗತಿಯ ಇತಿಹಾಸದಿಂದ ಹೇಗೆ ಹತ್ತಿರ ಹೋಗಬಹುದು ಎಂದು ತೋರಿಸಲು ನಾನು ಇದನ್ನು ಬಹಳ ಬಳಸುತ್ತೇನೆ. ಫ್ರೆಂಚರು ಪುದುಚೇರಿಯಲ್ಲಿ 1954ರವರೆಗೂ ಇದ್ದರು, ಆದ್ದರಿಂದ 1868ರಲ್ಲಿ ‘ಸಂಬಂಧ ಕೊನೆಗೊಳಿಸಿದ’ ದೇಶ ಅದಾಗಲು ಸಾಧ್ಯವೇ ಇಲ್ಲ. ಪ್ರಶ್ನೆಯ ಒಂದು ಪದವೇ ಒಂದು ಆಯ್ಕೆಯನ್ನು ಕೊಂದಿತು. ಇಟಲಿ ಒಂದು ರಾಜ್ಯವಾಗಿ ಒಂದುಗೂಡಿದ್ದೇ 1861ರಲ್ಲಿ. ಅಷ್ಟರಲ್ಲೇ ದ್ವೀಪ ಪಡೆದು, ಆಳಿ, ಮಾರುವುದು ನಂಬಲು ಕಷ್ಟ. ಬೆಲ್ಜಿಯಂ ಸ್ವತಂತ್ರವಾದದ್ದು 1830ರಲ್ಲಿ, ಅದರ ವಸಾಹತಿನ ನೆನಪು ಬರುವುದು ಆಫ್ರಿಕದಲ್ಲಿ. ಡೆನ್ಮಾರ್ಕಿನವರೋ, ತಮಿಳುನಾಡಿನ ತರಂಗಂಬಾಡಿಗೆ 1620ರಲ್ಲೇ ಬಂದವರು, ಅದನ್ನೂ ಬಂಗಾಳದ ಸೆರಾಂಪುರವನ್ನೂ 1845ರಲ್ಲಿ ಬ್ರಿಟಿಷರಿಗೆ ಮಾರಿದವರು. ಮಾರಾಟದ ಅಭ್ಯಾಸ ಅವರಿಗೆ ಆಗಲೇ ಇತ್ತು.

ಇಷ್ಟನ್ನು ಯೋಚಿಸಲು ಹೊತ್ತು ಬೇಕು, ಆ ಹೊತ್ತು ಸಿಗುತ್ತದೆ. ಹತ್ತನೆಯ ಪ್ರಶ್ನೆಯ ನಂತರ ಗಡಿಯಾರ ಇಲ್ಲ. ಆದರೂ ಅಲ್ಲಿ ಮೌನವಾಗಿ ಕೂರಲು ಸಂಕೋಚಪಟ್ಟು ಅವಸರದಲ್ಲಿ ಉತ್ತರ ಕೊಡುವವರು ಬಹಳ. ಜೋರಾಗಿ ಯೋಚಿಸಿ. ಒಂದೊಂದು ಆಯ್ಕೆಯನ್ನೂ ಹೆಸರು ಹಿಡಿದು, ಇದು ಏಕೆ ಅಲ್ಲ ಎಂದು ಹೇಳುತ್ತಾ ಹೋಗಿ. ಹೇಳಲು ಕಾರಣ ಸಿಗದಿದ್ದರೆ ಆ ಆಯ್ಕೆ ಇನ್ನೂ ಜೀವಂತವಾಗಿದೆ ಎಂದು ಅರ್ಥ. ಕಾರಣವಿಲ್ಲದೆ ‘ಯಾಕೋ ಇದೇ ಅನಿಸುತ್ತಿದೆ’ ಎಂಬ ಮಾತು ಬಾಯಿಗೆ ಬಂದರೆ ನಿಮ್ಮ ಖಾತರಿ 50 ದಾಟಿಲ್ಲ.

ಬಿಡಬೇಕೋ, ಆಡಬೇಕೋ

ತಪ್ಪಿದರೆ ಕಳೆದುಕೊಳ್ಳುವ ಮೊತ್ತವನ್ನು ತೆಗೆದುಕೊಳ್ಳಿ. ಅದನ್ನು, ಕಳೆದುಕೊಳ್ಳುವ ಮೊತ್ತ ಮತ್ತು ಸರಿಯಾದರೆ ಹೆಚ್ಚಾಗಿ ಸಿಗುವ ಮೊತ್ತ ಎರಡನ್ನೂ ಕೂಡಿಸಿ ಬಂದದ್ದರಿಂದ ಭಾಗಿಸಿ. ಲಾಭ ನಷ್ಟ ಸರಿದೂಗುವ ಖಾತರಿ ಅದು. ಹನ್ನೆರಡೂವರೆ ಲಕ್ಷ ಕೈಯಲ್ಲಿದ್ದು ಇಪ್ಪತ್ತೈದರ ಪ್ರಶ್ನೆ ಬಂದಾಗ ಕಳೆಯುವುದು 9.3 ಲಕ್ಷ, ಗಳಿಸುವುದು 12.5 ಲಕ್ಷ, 9.3ನ್ನು 21.8ರಿಂದ ಭಾಗಿಸಿದರೆ ಸುಮಾರು 43 ಪ್ರತಿಶತ. ಐವತ್ತು ಲಕ್ಷದ ಪ್ರಶ್ನೆಗೆ 47, ಕೋಟಿಯ ಪ್ರಶ್ನೆಗೆ 48.

ಈ ಲೆಕ್ಕದಿಂದ ತಕ್ಷಣ ಸಿಗುವ ಒಂದು ಲಾಭವಿದೆ. ಸುರಕ್ಷಿತ ಘಟ್ಟ ಮುಟ್ಟಿದ ಕೂಡಲೇ ಬರುವ ಪ್ರಶ್ನೆ ಪೂರ್ತಿ ಉಚಿತ. 3,20,000 ಗೆದ್ದ ಮೇಲೆ 6,40,000ದ ಪ್ರಶ್ನೆಯಲ್ಲಿ ತಪ್ಪಿದರೂ 3,20,000 ನಿಮ್ಮದೇ. ಅಲ್ಲಿ ಆಟ ಬಿಡುವುದಕ್ಕೆ ಅರ್ಥವೇ ಇಲ್ಲ, ಏನೂ ಗೊತ್ತಿಲ್ಲದಿದ್ದರೂ ಒಂದು ಉತ್ತರ ಹೇಳಿಯೇ ಏಳಬೇಕು. ಅಲ್ಲಿ ಗೌರವವಾಗಿ ಕೈಮುಗಿದು ಎದ್ದವರನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ. ಅದಕ್ಕೆ ಪ್ರತಿಯಾಗಿ, ಹತ್ತನೆಯ ಪ್ರಶ್ನೆ ಅತ್ಯಂತ ಅಪಾಯದ್ದು: ಕೈಯಲ್ಲಿ 1,60,000, ತಪ್ಪಿದರೆ ಹತ್ತು ಸಾವಿರ. ಲೈಫ್‌ಲೈನ್ ಉಳಿದಿದ್ದರೆ ಅದನ್ನು ಅಲ್ಲಿ ಸುರಿಯಿರಿ.

ಈಗ ಲೆಕ್ಕದ ಮಿತಿಯನ್ನೂ ಹೇಳಬೇಕು. ಒಂದು ಕೋಟಿ ಗೆದ್ದವರಿಗೆ ಏಳು ಕೋಟಿಯ ಪ್ರಶ್ನೆಯಲ್ಲಿ ಸರಿದೂಗುವ ಖಾತರಿ ಬರೀ 14. ಅಂದರೆ ಕಣ್ಣು ಮುಚ್ಚಿ ಒಂದನ್ನು ಆರಿಸಿದರೂ ಸರಾಸರಿಯಲ್ಲಿ ಲಾಭ ಎನ್ನುತ್ತದೆ ಗಣಿತ. ಆದರೆ ಸರಾಸರಿ ಎಂಬುದು ನೂರಾರು ಸಲ ಆಡುವವರಿಗೆ. ನೀವು ಜೀವನದಲ್ಲಿ ಒಂದೇ ಸಲ ಆಡುತ್ತೀರಿ, ನಾಲ್ಕರಲ್ಲಿ ಮೂರು ಪಾಲು ಸಾಧ್ಯತೆಯಲ್ಲಿ ಕೋಟಿ ಕಳೆದುಕೊಂಡು ಬರುತ್ತೀರಿ. ಗಣಿತ ಶಿಕ್ಷಕಿಯಾಗಿಯೇ ಹೇಳುತ್ತೇನೆ, ಅಲ್ಲಿ ಗಣಿತದ ಮಾತು ಕೇಳಬೇಡಿ. ಸಾಲ ತೀರಿಸುವ ಮೊದಲ ಹತ್ತು ಲಕ್ಷಕ್ಕೂ, ಅದರ ಮೇಲಿನ ಇನ್ನೊಂದು ಹತ್ತು ಲಕ್ಷಕ್ಕೂ ಒಂದೇ ತೂಕವಿಲ್ಲ.

ಹೀಗಾಗಿ ಹೊರಡುವ ಹಿಂದಿನ ವಾರ ಮನೆಯವರೆಲ್ಲ ಕುಳಿತು ಒಂದು ಕಾಗದ ಬರೆಯಿರಿ. ಮನೆಗೆ ಬೇಕಾದದ್ದೇನು, ಅದಕ್ಕೆ ಎಷ್ಟು ಹಣ ಬೇಕು. ಸಾಲ, ಮಗಳ ಓದು, ಅಮ್ಮನ ಮಂಡಿಯ ಶಸ್ತ್ರಚಿಕಿತ್ಸೆ, ಏನಿದೆಯೋ ಅದು. ಆ ಮೊತ್ತಕ್ಕೆ ಮುಟ್ಟುವ ಮೆಟ್ಟಿಲಿಗೆ ಗುರುತು ಹಾಕಿ. ಆ ಮೆಟ್ಟಿಲಿನ ಕೆಳಗೆ ಇರುವಾಗ, ನೋಟ್‌ಬುಕ್ ತಿದ್ದಿಕೊಟ್ಟ ಖಾತರಿ 60 ಇದ್ದರೆ ಆಡಿ. ಆ ಮೆಟ್ಟಿಲು ಮುಟ್ಟಿದ ಮೇಲೆ 90 ಇಲ್ಲದೆ ಬಾಯಿ ತೆರೆಯಬೇಡಿ. ಈ ಅಂಕಿಗಳು ನನ್ನವು, ನಿಮ್ಮ ಮನೆಯವು ಬೇರೆಯಾಗಬಹುದು. ಆದರೆ ಅವು ಮನೆಯ ಊಟದ ಮೇಜಿನ ಮೇಲೆ ಹುಟ್ಟಬೇಕು, ಸ್ಟುಡಿಯೋದ ದೀಪದ ಕೆಳಗೆ ಅಲ್ಲ. ಆ ಕುರ್ಚಿಯಲ್ಲಿ ಕುಳಿತವರಿಗೆ ಚಪ್ಪಾಳೆ ಕೇಳಿಸುತ್ತದೆ, ಹಿಂದೆ ಕುಳಿತ ಗಂಡನ ಅಥವಾ ಹೆಂಡತಿಯ ಮುಖ ಕಾಣುತ್ತದೆ, ಎದುರಿಗೆ ಪ್ರೀತಿಯ ನಟರಿದ್ದಾರೆ, ಹೇಡಿ ಎನಿಸಿಕೊಳ್ಳಬಾರದು ಎಂಬ ಆಸೆ ಹುಟ್ಟುತ್ತದೆ. ಜೊತೆಗಾರರಿಗೂ ಹೇಳಿಡಿ: ಗುರುತು ಹಾಕಿದ ಮೆಟ್ಟಿಲು ಮುಟ್ಟಿದ ಮೇಲೆ ‘ಆಡು’ ಎಂದು ಸನ್ನೆ ಮಾಡಬಾರದು.

ನಿರೂಪಕರ ಮುಖ ಓದುವ ಪ್ರಯತ್ನವೂ ಬೇಡ. ‘ಖಚಿತವೇ? ಲಾಕ್ ಮಾಡಲೇ?’ ಎಂದು ಅವರು ಸರಿಯುತ್ತರಕ್ಕೂ ಕೇಳುತ್ತಾರೆ, ತಪ್ಪಿಗೂ ಕೇಳುತ್ತಾರೆ; ಅದು ಅವರ ಕೆಲಸ. ಆ ಪ್ರಶ್ನೆ ಕೇಳಿ ಅಳುಕಿ ಸರಿಯುತ್ತರವನ್ನು ಬದಲಾಯಿಸಿದವರಿದ್ದಾರೆ. ಬದಲಾಯಿಸಲು ನಿಮಗೆ ಹೊಸ ಕಾರಣ ಹೊಳೆದಿದ್ದರೆ ಬದಲಾಯಿಸಿ, ಭಯವಾಯಿತು ಎಂದು ಬೇಡ.

ಗೆದ್ದ ಹಣ ಕೈಗೆ ಬರುವಾಗ

ಪರದೆಯ ಮೇಲೆ ಕಾಣುವ ಮೊತ್ತ ನಿಮ್ಮ ಖಾತೆಗೆ ಬರುವುದಿಲ್ಲ. ಇಂಥ ಬಹುಮಾನಕ್ಕೆ ಆದಾಯ ತೆರಿಗೆ ನೇರವಾಗಿ 30 ಪ್ರತಿಶತ, ಅದರ ಮೇಲೆ 4 ಪ್ರತಿಶತ ಸೆಸ್, ಒಟ್ಟು 31.2. ನಿಮ್ಮ ಉಳಿದ ಆದಾಯ ಎಷ್ಟೇ ಕಡಿಮೆಯಿದ್ದರೂ ವಿನಾಯಿತಿ ಇಲ್ಲ, ಖರ್ಚು ಕಳೆಯುವಂತಿಲ್ಲ. ಹನ್ನೆರಡೂವರೆ ಲಕ್ಷದಲ್ಲಿ 3,90,000 ಹೋಗಿ 8,60,000 ಉಳಿಯುತ್ತದೆ. ಐವತ್ತು ಲಕ್ಷ ದಾಟಿದ ಆದಾಯಕ್ಕೆ ಸರ್‌ಚಾರ್ಜ್ ಕೂಡ ಇದೆ. ಊಟದ ಮೇಜಿನ ಮೇಲೆ ಬರೆದ ಕಾಗದದಲ್ಲಿ ಮೆಟ್ಟಿಲಿಗೆ ಗುರುತು ಹಾಕುವಾಗ ತೆರಿಗೆ ಕಳೆದ ಮೊತ್ತವನ್ನೇ ನೋಡಿ. ಹತ್ತು ಲಕ್ಷದ ಸಾಲ ತೀರಬೇಕಾದರೆ ಹನ್ನೆರಡೂವರೆಯ ಮೆಟ್ಟಿಲು ಸಾಲದು ಎಂದು ಆಗ ಗೊತ್ತಾಗುತ್ತದೆ.

ಸುಶೀಲ್ ಕುಮಾರ್ ಗೆದ್ದ ನಂತರದ ವರ್ಷಗಳು ತಮ್ಮ ಬದುಕಿನ ಅತ್ಯಂತ ಕೆಟ್ಟ ಕಾಲ ಎಂದು 2020ರಲ್ಲಿ ಸ್ವತಃ ಬರೆದುಕೊಂಡರು. ಸಹಾಯ ಕೇಳಿ ಬಂದವರಲ್ಲಿ ಮೋಸ ಮಾಡಿದವರೂ ಇದ್ದರು. ಅದಕ್ಕೇ ಕಾರ್ಯಕ್ರಮ ಪ್ರಸಾರವಾಗುವ ಮೊದಲೇ ಮೂರು ಕೆಲಸ ಮುಗಿಸಿ. ಹಣದ ಬಹುಭಾಗವನ್ನು ಒಂದು ವರ್ಷ ಮುಟ್ಟಲಾಗದ ಠೇವಣಿಯಲ್ಲಿಡಿ. ಸಾಲ ಕೇಳಿ ಬರುವ ನೆಂಟರಿಗೆ ಏನು ಹೇಳಬೇಕೆಂದು ಮನೆಯವರೆಲ್ಲ ಒಂದೇ ಮಾತು ನಿರ್ಧರಿಸಿಕೊಳ್ಳಿ. ತೆರಿಗೆ ಕಡಿತದ ಪ್ರಮಾಣಪತ್ರವನ್ನು ಕಾರ್ಯಕ್ರಮದವರಿಂದ ಕೇಳಿ ಪಡೆದು, ಊರಿನ ಲೆಕ್ಕಪರಿಶೋಧಕರ ಬಳಿ ಕೊಟ್ಟು, ಆ ವರ್ಷದ ರಿಟರ್ನ್‌ನಲ್ಲಿ ಬಹುಮಾನವನ್ನು ಬೇರೆಯಾಗಿ ತೋರಿಸಲು ಹೇಳಿ.